ಒಳಗೇ ಉಳಿದ ಗುಂಡು

ಸೇಡಂನ ನಮ್ಮ ಮನೆಯಲ್ಲಿ ದೇವರ ಕೋಣೆಯ ಬಾಗಿಲ ಬದಿಗೆ ಎರಡು ಗೂಟಗಳ ಮೇಲೆ ಒಂದು ಬತ್ತಿ ಬಂದೂಕು ಇದೆ. ನಿಲ್ಲಿಸಿದರೆ ನನ್ನಷ್ಟೇ ಎತ್ತರ. ಮದುವೆಯಾಗಿ ಬಂದ ದಿನ ತುಳಸಿಗೆ, ದೇವರಿಗೆ, ಹಿರಿಯರಿಗೆ ನಮಸ್ಕಾರ ಮಾಡಿಸಿದ ಮೇಲೆ ಅತ್ತೆಯವರು ಅದಕ್ಕೂ ನಮಸ್ಕಾರ ಮಾಡಿಸಿದರು. "ಈ ಮನಿ ಉಳಿಸಿದ್ದವ್ವ ಇದು" ಎಂದರು. ನಾನು ಭಕ್ತಿಯಿಂದಲೇ ಬಗ್ಗಿದೆ.

ಅದರ ಕಥೆಯನ್ನು ನಮ್ಮ ಮನೆಯಲ್ಲಿ ಪ್ರತಿ ವರ್ಷ ಖಂಡೇನವಮಿಯ, ಅಂದರೆ ಆಯುಧಪೂಜೆಯ, ದಿನ ಹೇಳುವುದು ಪದ್ಧತಿ. ನಿಜಾಮರ ರಾಜ್ಯ ಹೋದ ವರ್ಷ, ಯಾರು ಎತ್ತಲವರು ಎಂದು ತಿಳಿಯದ ಲೂಟಿಯ ಗುಂಪುಗಳು ಊರೂರು ತಿರುಗುತ್ತಿದ್ದಾಗ, ದೀಪ ಹಚ್ಚುವ ಹೊತ್ತಿಗೆ ಒಂದು ಗುಂಪು ನಮ್ಮ ಬಾಗಿಲಿಗೆ ಬಂತಂತೆ. ಬಾಗಿಲು ಕಾಯಬೇಕಾದ ತಳವಾರ ಓಡಿಹೋದನಂತೆ. ನಮ್ಮ ಮಾವನವರು ಮಾಳಿಗೆಯಿಂದ ಈ ಬಂದೂಕು ಹಾರಿಸಿದರಂತೆ. ಗುಂಪು ಚದುರಿತು, ಮನೆ ಉಳಿಯಿತು. ಓಡುತ್ತಿದ್ದ ತಳವಾರ ಲೂಟಿಯವರ ಕೈಗೆ ಸಿಕ್ಕಿ ಸತ್ತ.

ಆ ತಳವಾರನ ಮಗಳು ದಂಡೋತಿಯವಳು. ನಾನು ಅಕ್ಕ ಎಂದು ಕರೆಯುತ್ತಿದ್ದೆ. ಪ್ರತಿ ನವಮಿಗೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು. ಮೊದಲೆಲ್ಲ ಅವಳ ತಾಯಿಯೂ ಜೊತೆಗೆ ಬರುತ್ತಿದ್ದಳು. ಹೋಳಿಗೆ, ತೆಂಗಿನಕಾಯಿಯ ಒಂದು ಹೋಳು ಇಸಿದುಕೊಂಡು, ಒಳಗಿನ ಕಥೆ ಮುಗಿಯುವ ತನಕ ಸುಮ್ಮನಿದ್ದು, ಹೋಗುವಾಗ ಅಕ್ಕ ಒಂದೇ ಮಾತು ಆಡುತ್ತಿದ್ದಳು. "ನಮ್ಮವ್ವ ಹಿಂದಿನ ಓಣ್ಯಾಗ ಇದ್ಲರಿ. ಬಂದೂಕಿನ ಸಪ್ಪಳ ಕೇಳಿಲ್ಲಂತಾಳ." ಅದಕ್ಕೆ ಅತ್ತೆಯವರ ಉತ್ತರವೂ ಒಂದೇ: "ಗದ್ದಲದಾಗ ಯಾರಿಗೆ ಏನು ಕೇಳಸ್ತದ, ಹೋಗು."

ಮಾವನವರು ತೀರಿಕೊಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮರುವರ್ಷ ಬಂದೂಕಿನ ಲೈಸೆನ್ಸು ನಮ್ಮವರ ಹೆಸರಿಗಾಯಿತು. ಅದೇ ಬೇಸಿಗೆಯಲ್ಲಿ ಮನೆಗೆ ಸುಣ್ಣ ಹೊಡೆಸಿದೆವು. ಧೂಳು ಬೀಳದಿರಲೆಂದು ಬಂದೂಕಿಗೆ ಮಾವನವರ ಹಳೆಯ ಧೋತರ ಸುತ್ತಿ ಮಾಳಿಗೆಯ ಮೂಲೆಗೆ ನಿಲ್ಲಿಸಿ ಮರೆತೆವು. ಮಳೆ ಶುರುವಾದ ಮೇಲೆ ಚಾವಣಿಯ ಪರಸಿಕಲ್ಲುಗಳ ಸಂದಿನಿಂದ ಇಳಿದ ನೀರನ್ನು ಧೋತರ ಕುಡಿಯಿತು. ಶ್ರಾವಣದಲ್ಲಿ ಬಿಚ್ಚಿ ನೋಡಿದರೆ ನಳಿಗೆಯ ಮೇಲೆ ಕೆಂಪು ಹುಣ್ಣುಗಳಂತೆ ತುಕ್ಕು. ಹಿಡಿಯ ಕಟ್ಟಿಗೆ ಉಬ್ಬಿ ಉದ್ದಕ್ಕೆ ಸೀಳಿತ್ತು. ಅತ್ತೆಯವರು ಅವತ್ತು ಊಟ ಮಾಡಲಿಲ್ಲ. "ನವಮಿಗೆ ಇದು ಮೊದಲಿನಂಗ ಆಗಬೇಕು" ಎಂದರು. ನಮ್ಮವರು ಚಿತ್ತಾಪುರದಲ್ಲಿ ಶಾಲೆಯ ಮಾಸ್ತರರು. ಬೆಳಗಿನ ಗಾಡಿಗೆ ಹೋದರೆ ಸಂಜೆಗೇ ಬರುವುದು. ಹೀಗೆ ಕೆಲಸ ನನ್ನ ಪಾಲಿಗೆ ಬಂತು.

ದೇವರ ಪಾತ್ರೆ ತಿಕ್ಕಿದ ಕೈ. ನಳಿಗೆಯನ್ನು ಕಟ್ಟಿಗೆಗೆ ಬಿಗಿದ ಹಿತ್ತಾಳೆ ಪಟ್ಟಿಗಳನ್ನು ಕಂಡು, ಹುಣಸೆಹಣ್ಣು, ಉಪ್ಪು ಹಚ್ಚಿ ಇಡೀ ಬಂದೂಕನ್ನೇ ತಿಕ್ಕಿದೆ. ಪಟ್ಟಿಗಳು ಬಂಗಾರದಂತೆ ಹೊಳೆದವು. ನಳಿಗೆ ಮರುದಿನ ಬೆಳಿಗ್ಗೆ ಕೇಸರಿ ಬಣ್ಣಕ್ಕೆ ತಿರುಗಿತ್ತು.

ಆಗ ನಮ್ಮವರು ಶಹಾಬಾದಿನಿಂದ ಒಬ್ಬ ಉಸ್ತಾದರನ್ನು ಕರೆತಂದರು. ಅವರ ತಂದೆ ಬಂದೂಕು ರಿಪೇರಿಯವರು. ಇವರ ಕಾಲಕ್ಕೆ ಹೊಲಿಗೆಯಂತ್ರ, ಬೀಗ, ಸ್ಟೋವೇ ಹೆಚ್ಚು. ಚಿಂಚೋಳಿ ಕಡೆ ಚಂದ್ರಂಪಳ್ಳಿ ಅಡವಿಯಂಚಿನ ಹೊಲಗಳಿಗೆ ಹಂದಿ ಬೀಳುವ ದಿನಗಳಲ್ಲಿ ಮಾತ್ರ ಯಾರಾದರೂ ಲೈಸೆನ್ಸಿನ ಹಳೆಯ ಬಂದೂಕು ತರುತ್ತಿದ್ದರಂತೆ. ಅತ್ತೆಯವರು ಅವರ ಚಹಾಕ್ಕೆ ಬೇರೆ ಗ್ಲಾಸು ತೆಗೆದಿಟ್ಟರು. ಅವರು ಕುಡಿದು, ಹೇಳಿಸಿಕೊಳ್ಳದೆ ತಾವೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದರು.

ನಳಿಗೆಯ ಮೇಲೆ ಬೆರಳಾಡಿಸಿ ಮೂಗಿಗೆ ಹಿಡಿದರು. "ಹುಣಸಿಹಣ್ಣು ಹಚ್ಚೀರೇನು ಬಾಯಿಯವರ? ಉಪ್ಪೂ ಹಾಕೀರಿ?"

"ಹೂಂ ರೀ."

"ಒಗ್ಗರಣಿ ಒಂದು ಬಾಕಿ ಉಳೀತು ನೋಡ್ರಿ." ನಗದೆಯೇ ಹೇಳಿದರು. ಆಮೇಲೆ ನಮ್ಮವರ ಕಡೆ ತಿರುಗಿ, "ಇದು ತುಂಬೇದೋ ಖಾಲಿ ಅದನೋ?" ಎಂದರು.

"ಖಾಲೀನ ಇರ್ತದ. ನಮ್ಮಪ್ಪ ಹಾರಿಸಿದ್ದು ಇದೇ ಅಲ್ಲೇನ್ರಿ."

"ಹಾರಿಸಿದ ಮ್ಯಾಲ ಹೊಳ್ಳಿ ತುಂಬಿಲ್ಲಂತ ಹ್ಯಾಂಗ ಹೇಳ್ತೀರಿ? ಅಳದು ನೋಡೋಣ ತಡೀರಿ."

ಈ ಬಂದೂಕಿಗೆ ಬಾಯಿಯಿಂದಲೇ ಎಲ್ಲವನ್ನೂ ತುಂಬುವುದು. ಮೊದಲು ಮದ್ದು, ಆಮೇಲೆ ಸೀಸದ ಗುಂಡು, ಮೇಲೆ ಬಟ್ಟೆ. ಎಲ್ಲವನ್ನೂ ಗಜ ಎನ್ನುವ ಉದ್ದ ಕೋಲಿನಿಂದ ತಳಕ್ಕೆ ಜಡಿಯಬೇಕು. ತಳದಲ್ಲಿ ಪಕ್ಕಕ್ಕೆ ಸೂಜಿ ಹೋಗುವಷ್ಟು ತೂತಿದೆ, ಅದಕ್ಕೆ ಕಿವಿ ಎನ್ನುತ್ತಾರೆ. ಕಿವಿಯ ಹೊರಗಿನ ಸಣ್ಣ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಉರಿಯುವ ಬತ್ತಿ ತಾಗಿಸಿದರೆ, ಬೆಂಕಿ ಕಿವಿಯೊಳಗಿಂದ ದಾಟಿ ನಳಿಗೆಯ ಮದ್ದಿಗೆ ಹೋಗುತ್ತದೆ. ಆಗ ಹಾರುತ್ತದೆ.

ಉಸ್ತಾದರು ಗಜವನ್ನು ಬಾಯಿಯಿಂದ ತಡೆಯುವ ತನಕ ಇಳಿಸಿ, ಬಾಯಿಯ ಅಂಚಿಗೆ ಹೆಬ್ಬೆರಳಿಂದ ಗುರುತು ಹಿಡಿದು ಹೊರಗೆಳೆದರು. ಅದೇ ಗಜವನ್ನು ನಳಿಗೆಯ ಹೊರಮೈಗೆ ಒರಗಿಸಿದರು. ಖಾಲಿ ಇದ್ದರೆ ತುದಿ ಕಿವಿಯ ತನಕ ಬರಬೇಕು. ಒಂದು ಗೇಣು ಮೊದಲೇ ನಿಂತಿತ್ತು. ಅವರು ತಮ್ಮ ಕಿವಿಯ ಸಂದಿಗೆ ಸಿಕ್ಕಿಸಿಕೊಂಡಿದ್ದ, ಇನ್ನೂ ಹಚ್ಚದ ಬೀಡಿಯನ್ನು ತೆಗೆದು ಅಂಗಳದಾಚೆ ಒಗೆದರು.

ಬಂದೂಕು ತುಂಬಿಯೇ ಇತ್ತು. ಇಷ್ಟು ವರ್ಷ ನವಮಿಯಲ್ಲಿ ಅದರ ಮೋರೆಗೆ ಕರ್ಪೂರದ ಆರತಿ ಹಿಡಿದಿದ್ದೇವೆ. ಮಕ್ಕಳನ್ನು ಅದರ ಬಾಯಿಯ ಮುಂದೆ ನಿಲ್ಲಿಸಿ ಫೋಟೊ ತೆಗೆಸಿದ್ದೇವೆ. ಒಂದು ಸಲವೂ ಅದು ಹಾರಿರಲಿಲ್ಲ. ಶ್ರೀಹರಿಯ ಕೃಪೆ ಎಂದು ಅಂದುಕೊಂಡೆ. ಯಾಕೆ ಹಾರಲಿಲ್ಲ ಎಂದು ತಿಳಿಯಲು ಇನ್ನೂ ಎರಡು ದಿನ ಬೇಕಿತ್ತು.

ಬಂದೂಕನ್ನು ಹಿತ್ತಲಿನ ಗೋಡೆಗೆ, ಬಾಯಿ ಆಕಾಶಕ್ಕೆ ಮಾಡಿ ನಿಲ್ಲಿಸಿದೆವು. ಉಸ್ತಾದರು ಹೇಳಿದಂತೆ ಉಗುರುಬೆಚ್ಚನೆಯ ನೀರು ಹೊಯ್ದೆ. ನೀರು ಕುಡಿದ ಮದ್ದು ಬರೀ ಮಣ್ಣು ಎಂದರು. ಮಾಳಿಗೆಯ ನೀರು ಮೈಯನ್ನಷ್ಟೇ ತಿಂದಿತ್ತು, ಒಳಗಿನ ಮದ್ದಿನವರೆಗೆ ಹೋಗಿರಲಿಲ್ಲ. ನಾವು ಹೊಯ್ದದ್ದು ಇಳಿದು ಇಳಿದು ಕಿವಿಯಿಂದ ಹನಿಯಬೇಕಿತ್ತು. ಎರಡು ದಿನ ಬಿಟ್ಟು ಉಸ್ತಾದರು ಬಂದಾಗಲೂ ಕಿವಿ ಒಣಗಿಯೇ ಇತ್ತು.

"ಕಿವಿ ಮುಚ್ಯಾದ. ದಬ್ಬಣ ತರ್ರಿ. ನೀವ ತಗೀರಿ ಬಾಯಿಯವರ, ನನಗ ಸಣ್ಣದು ಕಾಣಾಂಗಿಲ್ಲ."

ಗೋಣಿ ಹೊಲಿಯುವ ದಬ್ಬಣವನ್ನು ಕಲ್ಲಿಗೆ ಮಸೆದು ಚೂಪು ಮಾಡಿಕೊಂಡು ಕುಳಿತೆ. ಬಿಸಿನೀರಿನ ಹನಿ ಬಿಟ್ಟು ಬಿಟ್ಟು, ಕಾಳಿನಷ್ಟು ಕಾಳಿನಷ್ಟಾಗಿ ಕೆದಕಿ ಬಿಳಿ ಬಟ್ಟೆಯ ಮೇಲೆ ಇಡುತ್ತ ಹೋದೆ. ಮೊದಲು ಬಂದದ್ದು ಇಟ್ಟಿಗೆಯಂಥ ಗಟ್ಟಿ ಕೆಂಪು. ಅದರ ಹಿಂದೆ ತೆಳ್ಳಗೆ ಒಂದು ಕರಿ ಪದರು. ಅದರ ಹಿಂದೆ ಮತ್ತೆ ಕೆಂಪು, ಹಳದಿ. ನೀರು ತಾಗಿದ್ದೇ ಗಂಧದ ವಾಸನೆ ಎದ್ದಿತು. ಅರಿಸಿನ, ಕುಂಕುಮ, ಗಂಧ. ದಿನ ಬೆಳಗಾದರೆ ನಾನು ಮುಟ್ಟುವ ವಸ್ತುಗಳು, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೂಜೆಯಲ್ಲಿ ಹಚ್ಚಿದ್ದು ಕಿವಿಯೊಳಗೆ ಇಳಿದು ಒಣಗಿ ಕಲ್ಲಾಗಿತ್ತು.

ಉಸ್ತಾದರು ಆ ಕರಿ ಪುಡಿಯನ್ನು ನಾಲಿಗೆಗೆ ಹಚ್ಚಿ ಉಗುಳಿದರು. "ಇದು ಸುಟ್ಟ ಮದ್ದರಿ. ಇದರ ಹಿಂದಿನ ಕುಂಕುಮ ಸುಟ್ಟಿಲ್ಲ. ಬೆಂಕಿ ಬಾಗಲಾತನಾ ಬಂದು ಹೊಳ್ಳಿ ಹೋಗ್ಯಾದ. ಮುಂದಿನ ಕುಂಕುಮ ಆಮ್ಯಾಲಿನ ವರ್ಷಗಳದ್ದು."

ನೀರು ಈಗ ಕಿವಿಯಿಂದ ಕಪ್ಪಗೆ ಹನಿಯತೊಡಗಿತು. ಹನಿ ತಿಳಿಯಾಗುವ ತನಕ ದಿನವೂ ಹೊಯ್ದೆ. ಮುಂದಿನ ಸಲ ಬಂದಾಗ ಉಸ್ತಾದರು ಗಜದ ತುದಿಗೆ ತಿರುಪಿನ ಮೊಳೆ ಕೂಡಿಸಿ ಒಳಗಿಳಿಸಿ ತಿರುವಿದರು. ನಳಿಗೆಯನ್ನು ನಾನು ಕಂಬಕ್ಕೆ ಒತ್ತಿ ಹಿಡಿದಿದ್ದೆ. ಮೊದಲು ಬಟ್ಟೆಯ ಚೂರು ಬಂತು, ಆಮೇಲೆ ಒಂದು ಸೀಸದ ಗುಂಡು, ಅದರ ಹಿಂದೆ ಕೆಸರಿನಂಥ ಮದ್ದು. ಮುಗಿಯಿತೆಂದು ಅಳೆದರೆ ಗಜ ಇನ್ನೂ ಕಿವಿಯ ತನಕ ಹೋಗಲಿಲ್ಲ. ಮತ್ತೆ ತಿರುವಿದರು. ಮತ್ತೆ ಬಟ್ಟೆ, ಇನ್ನೊಂದು ಗುಂಡು, ಮತ್ತೆ ಮದ್ದು.

ಅವತ್ತು ರವಿವಾರ, ನಮ್ಮವರು ಮನೆಯಲ್ಲೇ ಇದ್ದರು. "ಎರಡು ಯಾಕ?" ಎಂದರು.

"ಒಮ್ಮಿ ತುಂಬಿ ಬತ್ತಿ ಇಟ್ಟಾರ, ಹಾರಿಲ್ಲ. ಮದ್ದು ಕೆಟ್ಟದಂತ ತಿಳದು ಅದರ ಮ್ಯಾಲ ಇನ್ನೊಮ್ಮಿ ತುಂಬ್ಯಾರ. ಗಡಿಬಿಡ್ಯಾಗ ಹಂಗ ಆಗ್ತದರಿ."

"ಅಂದ್ರ ಅವತ್ತ..."

"ಅವತ್ತ ಯಾವತ್ತೋ ನನಗ ಗೊತ್ತಿಲ್ರಿ ಸಾಹೇಬ್ರ. ಕಬ್ಬಿಣದಾಗ ಕಂಡಷ್ಟು ಹೇಳೀನಿ." ಕೈ ಒರೆಸಿಕೊಂಡು ಏಳುತ್ತ ಇನ್ನೊಂದು ಮಾತು ಸೇರಿಸಿದರು. "ಆ ವರ್ಷದ ಮಾತು ಯಾರ ಮನ್ಯಾಗೂ ಪೂರಾ ಹೇಳಾಂಗಿಲ್ರಿ. ನಮ್ಮ ಮನ್ಯಾಗೂ ಇಲ್ಲ."

ಅವರು ಹೋದ ಮೇಲೆ ನಮ್ಮವರು ಗುಂಡುಗಳನ್ನು ನನ್ನ ಅಂಗೈಗೆ ಹಾಕಿದರು. "ಕಾಗಿಣಾ ಹೊಳಿಗೆ ಹೋದಾಗ ನೀರಾಗ ಒಗದುಬಿಡು. ಅವ್ವಗ ಹೇಳಬ್ಯಾಡ. ಅಪ್ಪ ಹೋಗಿ ವರ್ಷ ಆಗ್ಯಾದ ಅಷ್ಟ." ನಾನು ಹೂಂ ಎನ್ನಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡೆ. ಬಗ್ಗಿದಾಗೆಲ್ಲ ಮೊಣಕಾಲಿಗೆ ಬಡಿಯುತ್ತಿದ್ದವು.

ಕೆಲಸ ಮಾತ್ರ ನಿಲ್ಲುವಂತಿರಲಿಲ್ಲ. ಖಾಲಿಯಾದ ನಳಿಗೆಯನ್ನು ಕಟ್ಟಿಗೆಯಿಂದ ಬಿಚ್ಚಿ, ಚಿಮಣಿ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಸುತ್ತಿ ಇಟ್ಟೆ. ತುಕ್ಕು ಮೆತ್ತಗಾದ ಮೇಲೆ ಹಳೆಯ ತಾಮ್ರದ ಬಿಲ್ಲೆಯ ಅಂಚಿನಿಂದ ಕೆರೆದೆ. ತಾಮ್ರ ಕಬ್ಬಿಣಕ್ಕಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಆಮೇಲೆ ನಳಿಗೆಯನ್ನು ಕುದಿಸಬೇಕು. ಕುದಿದರೆ ಉಳಿದ ಕೆಂಪು ತುಕ್ಕು ಕಪ್ಪಾಗಿ ಮೈಗೆ ಅಂಟಿ ನಿಲ್ಲುತ್ತದೆ, ಮುಂದೆ ತಿನ್ನುವುದಿಲ್ಲ. ಅಷ್ಟುದ್ದದ ನಳಿಗೆ ಯಾವ ಪಾತ್ರೆಗೂ ಹಿಡಿಯದು. ಸ್ನಾನದ ಹಂಡೆಯಲ್ಲಿ ನೀರು ಕುದಿಸಿ ಮೊದಲು ಒಂದು ತುದಿ, ಆಮೇಲೆ ಇನ್ನೊಂದು ತುದಿ ಇಳಿಸಿ ನಿಲ್ಲಿಸಿದೆ. ನಡುವೆ ಒಂದು ಕೈಯಗಲ ಬಣ್ಣ ಕೂಡದೆ ಪಟ್ಟಿಯಂತೆ ಉಳಿಯಿತು. ಇಡೀ ಕೆಲಸ ಮತ್ತೆ ಮೊದಲಿಂದ. ಮೂರನೆಯ ಸಲಕ್ಕೆ ನಳಿಗೆ ಕರಿ ಜಾಮೂನಿನ ಬಣ್ಣಕ್ಕೆ ಬಂತು.

ಸೀಳಿದ ಕಟ್ಟಿಗೆಯನ್ನು ಉಸ್ತಾದರು ಅರಗು ತುಂಬಿ, ದಾರ ಬಿಗಿದು ಕೂಡಿಸಿಕೊಟ್ಟರು. ಅದಕ್ಕೆ ಅಗಸೆ ಎಣ್ಣೆ ಕುಡಿಸುವುದು ನನ್ನ ಪಾಲು. ಗಾಣದ ಎಣ್ಣೆಯನ್ನು ಕಾಸಿ ಆರಿಸಿ, ಅಂಗೈಯಿಂದ ಬಿಸಿ ಏಳುವ ತನಕ ಉಜ್ಜಬೇಕು. ಒಂದು ಕೈ ಎಣ್ಣೆ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಆದರೆ ಗಾಳಿ ಸಿಮೆಂಟ್ ಕಾರ್ಖಾನೆಯ ಕಡೆಯಿಂದ ತಿರುಗಿತೆಂದರೆ ನಮ್ಮ ಅಂಗಳದಲ್ಲಿ ಒಣಹಾಕಿದ ಸೀರೆಯೂ ಬೂದಿ ಬಣ್ಣವಾಗುತ್ತದೆ. ಹಸಿ ಎಣ್ಣೆಗೆ ಸಿಮೆಂಟಿನ ಧೂಳು ಕೂತು ಕಟ್ಟಿಗೆ ಮರಳುಕಾಗದದಂತಾಯಿತು. ತಿಕ್ಕಿ ತೆಗೆದು ಮತ್ತೆ ಹಚ್ಚಿದೆ. ಕೊನೆಗೆ ಧೂಳು ಬಾರದ ಜಾಗವೆಂದು ಸಿಕ್ಕದ್ದು ದೇವರ ಕೋಣೆಯೊಂದೇ. ಅಲ್ಲೇ ಕುಳಿತು ಉಜ್ಜಿದೆ.

ಅಲ್ಲಿ ಅತ್ತೆಯವರು ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತ ಕೂರುತ್ತಿದ್ದರು. ಒಂದು ಮಧ್ಯಾಹ್ನ ಅವರ ಕಣ್ಣು ಪಕ್ಕದಲ್ಲಿ ಒರಗಿಸಿದ್ದ ನಳಿಗೆಯ ಬುಡಕ್ಕೆ ಹೋಯಿತು.

"ಕಿವಿ ಯಾರು ತಗದ್ರು ಸಣ್ಣಾಕಿ?"

"ನಾನ ರೀ ಅತ್ತಿ."

"ಏನಿತ್ತು ಒಳಗ?"

"ಗಂಧ, ಕುಂಕುಮ."

ಅವರ ಕೈಯಲ್ಲಿ ಬತ್ತಿ ಹಾಗೇ ನಿಂತಿತು. ನಾನು ಸೆರಗಿನ ಗಂಟು ಬಿಚ್ಚಿ ಎರಡು ಗುಂಡುಗಳನ್ನು ಅವರ ಮುಂದಿಟ್ಟೆ. ಅವರು ನೋಡಿದರು. ಮುಟ್ಟಲಿಲ್ಲ.

"ಶಸ್ತ್ರಕ್ಕ ಗಂಧ ಹಚ್ಚಬ್ಯಾಡ, ದೂರದಿಂದ ಅಕ್ಷತಿ ಹಾಕು ಅಂದಿದ್ರು ನಿಮ್ಮ ಮಾವ. ಹೊಸಾ ಸೊಸಿ ನಾನು, ಭಕ್ತಿ ಭಾಳ. ಮೈತುಂಬ ಹಚ್ಚಿದೆ. ಆ ತೂತಿಗೆ ಬೊಟ್ಟು ಒತ್ತಿ ಒತ್ತಿ ಇಟ್ಟೆ. ನವಮಿ ಮುಗದು ಭಾಳ ದಿನ ಆಗಿರಲಿಲ್ಲ, ಲೂಟಿ ಮಂದಿ ಬಂದ್ರು."

ಬತ್ತಿಯನ್ನು ತಟ್ಟೆಗೆ ಹಾಕಿ ಮುಂದುವರಿಸಿದರು. "ದಂಡೋತಿ ತಳವಾರ ಬಾಗಲಾ ಬಿಟ್ಟು ಕದಲಲಿಲ್ಲ. ಬಡಿಗಿ ಹಿಡಕೊಂಡು ನಿಂತಾನ, 'ಹಾರಸ್ರಿ ಧಣೇರ, ಹಾರಸ್ರಿ' ಅಂತ ಒದರಾಕತ್ತಾನ. ಮ್ಯಾಲ ಇವರು ಬತ್ತಿ ಇಟ್ರ ಫುಸ್ ಅಂತ ಹೊಗಿ. ಇನ್ನೊಮ್ಮಿ ತುಂಬಿದ್ರು, ಮತ್ತ ಫುಸ್. ಅವ ಬಿದ್ದ. ಅಷ್ಟರಾಗ ಓಣಿ ಮಂದಿ ಕೊಳ್ಳಿ ಹಿಡಕೊಂಡು ಬಂದ್ರು, ಲೂಟಿಯವರು ಓಡಿದ್ರು. ಇಷ್ಟ ಆಗಿದ್ದು."

"ಮತ್ತ ಅವ ಓಡಿ ಹೋದ ಅಂತ ಯಾಕ್ರೀ ಅತ್ತಿ?"

"ಬಂದೂಕ ಇತ್ತಲ್ಲ, ಯಾಕ ಹಾರಲಿಲ್ಲ ಅಂತ ಮರುದಿನ ಮಂದಿ ಕೇಳಿದ್ರು. ಇವರು ಆ ತೂತು ನೋಡಿದ್ರು, ನನ್ನ ಮಾರಿ ನೋಡಿದ್ರು. ಹಾರ್ಸೀನಿ ಅಂದ್ರು. ಹಾರಿಸಿದ್ರ ಅವ ಬಾಗಲದಾಗ ಯಾಕ ಸತ್ತ? ಅದಕ್ಕೊಂದು ಹೇಳಬೇಕಲ್ಲ. ಧಣೇರ ಮಾತಿಗೆ ಎದುರು ಯಾರು ಆಡ್ತಾರ? ಸಾಯೋತನಾ ನನಗ ಒಂದು ಮಾತು ಅನ್ನಲಿಲ್ಲ ಅವ್ವಾ, ಒಂದು ಮಾತು."

ಹೆಂಡತಿಯನ್ನು ಒಂದು ಮಾತೂ ಅನ್ನದ ಗಂಡ. ಬೇರೆ ದಿನವಾಗಿದ್ದರೆ ಅದನ್ನು ದೇವರು ಕೊಟ್ಟ ದೊಡ್ಡ ವರವೆಂದು ಎಣಿಸುತ್ತಿದ್ದೆ. ಆ ಮಧ್ಯಾಹ್ನ ನನ್ನ ಕಣ್ಣ ಮುಂದೆ ಬಂದದ್ದು ಕಟ್ಟೆಯ ಮೇಲೆ ಹೋಳಿಗೆಯ ಎಲೆ ಹಿಡಿದು ಕುಳಿತ ಆ ಅಕ್ಕ. ನನ್ನ ಅತ್ತೆಯವರಿಗೆ ದಕ್ಕಿದ ಆ ಮೌನವನ್ನು ಅವಳ ಅಪ್ಪನ ಹೆಸರಿನ ಮೇಲೆ ಕಟ್ಟಿದ್ದರು.

ಬಂದೂಕು ಸರಿಯಾಯಿತು. ಕಿವಿಯಲ್ಲಿ ಬೆಳಕು ಕಾಣುತ್ತಿತ್ತು. ಕೊನೆಯ ಸಲ ಬಂದ ಉಸ್ತಾದರು ತಿರುಗಿಸಿ ನೋಡಿ, "ಇನ್ನ ಬೇಕಾದ್ರ ಹಾರ್ತದ" ಎಂದರು. ಆಗ ನನಗೆ ಸಿಟ್ಟು ಬಂತು. ಯಾರ ಮೇಲೆಂದು ಈಗಲೂ ಹೇಳಲಾರೆ. ಗುಂಡುಗಳನ್ನು ನೀರಿಗೆ ಒಗೆಯುವುದಿಲ್ಲ, ನವಮಿಯ ದಿನ ಎಲ್ಲರ ಮುಂದೆ ಇಡುತ್ತೇನೆ ಎಂದು ಅವತ್ತೇ ನಿಶ್ಚಯಿಸಿದೆ. ನಮ್ಮವರಿಗೆ ಹೇಳಿದೆ. "ನಿನಗ ತಿಳದಂಗ ಮಾಡು" ಎಂದು ಪೇಪರು ಮಡಿಚಿ ಹೊರಗೆ ಹೋದರು.

ನವಮಿಗೆ ವಾಡಿಯಿಂದ ಭಾವನವರ, ಅಂದರೆ ನಮ್ಮವರ ಅಣ್ಣನ, ಕುಟುಂಬ ಬಂತು. ಅವರು ರೈಲ್ವೆಯವರು, ದನಿ ದೊಡ್ಡದು. ಪೂಜೆಯಾದ ಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಎತ್ತಿದರು. "ನಿಮ್ಮ ಮುತ್ತಜ್ಜ ಮ್ಯಾಲಿಂದ ಗುರಿ ಇಟ್ಟಾ ನೋಡವ್ವ, ಧಡಲ್ ಅಂತ..." ದಂಡೋತಿಯ ಅಕ್ಕ ಎಂದಿನಂತೆ ಹೊರಗೆ ಕಟ್ಟೆಯ ಮೇಲಿದ್ದಳು. ಆ ವರ್ಷ ಒಬ್ಬಳೇ ಬಂದಿದ್ದಳು. ನಾನು ಅವಳನ್ನು ಕೈ ಹಿಡಿದು ಪಡಸಾಲೆಗೆ ಕರೆತಂದೆ. ಆರತಿ ತಟ್ಟೆಯಲ್ಲಿ ಎರಡು ಗುಂಡುಗಳನ್ನಿಟ್ಟು ಭಾವನವರ ಮುಂದೆ ಹಿಡಿದೆ.

"ಇವು ಒಳಗ ಇದ್ವು ರೀ ಭಾವನವರ. ಒಂದರ ಮ್ಯಾಲ ಒಂದು. ಬಂದೂಕ ಅವತ್ತ ಹಾರಿಲ್ಲ."

"ಏನವ್ವಾ, ಹಬ್ಬದ ದಿನ ನೀ ಮತ್ತ ನಿನ್ನ ಉಸ್ತಾದ ಕೂಡಿ ನಮ್ಮಪ್ಪನ್ನ ಸುಳ್ಳಗಾರನ್ನ ಮಾಡೀರೇನು?"

ಒಳಗಿನಿಂದ ಅತ್ತೆಯವರ ದನಿ ಬಂತು. "ಆಕಿ ಖರೆ ಹೇಳಾಕತ್ಯಾಳ." ಗೋಡೆ ಹಿಡಿದು ಬಾಗಿಲ ತನಕ ಬಂದು ನಿಂತರು. ದಂಡೋತಿಯ ಅಕ್ಕನನ್ನೇ ನೋಡುತ್ತ ಹೇಳಿದರು. "ನಿಮ್ಮಪ್ಪ ಓಡಿಲ್ಲವ್ವ. ಬಾಗಲದಾಗ ನಿಂತು ಸತ್ತಾನ. ಬಂದೂಕ ಹಾರಲಿಲ್ಲ."

ಅಷ್ಟು ಹೇಳಿದರು. ಕುಂಕುಮದ ಮಾತು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಬದುಕಿರುವ ತನಕ ಅದನ್ನು ಯಾರಿಗೂ ಹೇಳಲಿಲ್ಲ.

ಅಕ್ಕ ಅಳುತ್ತಾಳೆ ಎಂದುಕೊಂಡಿದ್ದೆ. ಇಲ್ಲದಿದ್ದರೆ ನನ್ನ ಕೈ ಹಿಡಿಯುತ್ತಾಳೆ ಎಂದಾದರೂ. ಅವಳು ಎರಡನ್ನೂ ಮಾಡಲಿಲ್ಲ. ತಟ್ಟೆಯೊಳಗೆ ಬಗ್ಗಿ ನೋಡಿದಳು.

"ನಮ್ಮವ್ವ ಹೋದ ಉಗಾದಿಗೆ ಸತ್ಲರಿ" ಎಂದಳು. "ಸಾಯೋ ಮುಂದೂ ಅದ ಮಾತು ಇತ್ತು ಬಾಯಾಗ, ಸಪ್ಪಳ ಕೇಳಿಲ್ಲ, ಸಪ್ಪಳ ಕೇಳಿಲ್ಲ ಅಂತ. ಮುದುಕಿಗೆ ಅರಳುಮರಳು ಅಂತ ನಾನ ಬೈದು ಸುಮ್ಮ ಮಾಡಿದೆ."

ನಾನು ತಟ್ಟೆಯನ್ನು ಅವಳ ಕಡೆ ಸರಿಸಿದೆ. "ಇವನ್ನ ನೀ ಇಟ್ಟಕೋ ಅಕ್ಕ."

"ನನಗ ಯಾಕ್ರೀ? ನಿಮ್ಮವು. ನಿಮ್ಮ ಮನ್ಯಾಗ ಇರಲಿ."

ಕಟ್ಟಿಕೊಟ್ಟಿದ್ದ ಹೋಳಿಗೆ ಕಟ್ಟೆಯ ಮೇಲೆಯೇ ಉಳಿಯಿತು. ಮರುವರ್ಷ ಅವಳು ಬರಲಿಲ್ಲ. ದಂಡೋತಿಗೆ ಹೋದವರ ಕೈಯಲ್ಲಿ ಹೇಳಿಕಳಿಸಿದೆ, ಮುಂದಿನ ವರ್ಷವೂ ಹೇಳಿಕಳಿಸಿದೆ. ಆರಾಮ ಇದ್ದಾಳೆ ಎಂದು ತಿಳಿದುಬಂತು. ಅಷ್ಟನ್ನಾದರೂ ದೇವರು ಕೊಟ್ಟ ಎಂದುಕೊಂಡೆ.

ಭಾವನವರು ಕಥೆ ಹೇಳುವುದನ್ನು ಬಿಟ್ಟಿದ್ದಾರೆ. ಅತ್ತೆಯವರು ಹೋಗಿ ಈಗ ಕೆಲವು ವರ್ಷಗಳಾದವು. ಉಸ್ತಾದರು ಆಮೇಲೆಯೂ ಎರಡು ಮೂರು ಕಟ್ಟಿಗೆಗಳನ್ನು ಎಣ್ಣೆ ಕುಡಿಸಲು ನನಗೇ ಕಳಿಸಿದರು, ಮಾಡಿಕೊಟ್ಟೆ. ನಮ್ಮ ಬಂದೂಕಿಗೆ ನವಮಿಯ ಪೂಜೆ ಈಗಲೂ ನಡೆಯುತ್ತದೆ, ಮಾಡುವವಳು ನಾನೇ. ಕುಂಕುಮದ ಬಟ್ಟಲು ಮುಟ್ಟುವ ಮೊದಲು ಕಿವಿಗೆ ಕಸಬರಿಗೆಯ ಕಡ್ಡಿಯೊಂದನ್ನು ಚುಚ್ಚಿ ಇಡುತ್ತೇನೆ. ಪೂಜೆ ಮುಗಿದ ಮೇಲೆ ಕಡ್ಡಿ ತೆಗೆದು, ತೂತಿನಲ್ಲಿ ಬೆಳಕು ಕಾಣುತ್ತದೆಯೇ ಎಂದು ನೋಡುತ್ತೇನೆ. ಗುಂಡುಗಳು ಅದರ ಕೆಳಗೆ ಗೋಡೆಯ ಮಾಡದಲ್ಲಿವೆ. ಅವಕ್ಕೆ ಕುಂಕುಮ ಹಚ್ಚುವುದಿಲ್ಲ.